ಆರ್ಲಿಂಗ್ಟನ್ನಿನ ಬರಿಯ ಬಯಲು

2024ರಲ್ಲಿ ಮಗನೊಡನೆ ಷಿಕಾಗೋ ನಗರದಿಂದ ರೈಲಿನಲ್ಲಿ ಹೊರಟು ಆರ್ಲಿಂಗ್ಟನ್ ಪಾರ್ಕ್ ನಿಲ್ದಾಣದಲ್ಲಿಳಿದೆನು. ನಿಲ್ದಾಣಕ್ಕೆ ಹೆಸರನ್ನಿತ್ತ ಕುದುರೆಪಂದ್ಯದ ಮೈದಾನವು ಮಾತ್ರ ಅಲ್ಲಿರಲಿಲ್ಲ. 1927ರಲ್ಲಿ ಪ್ರಾರಂಭವಾದ ಆ ಮೈದಾನದಲ್ಲಿ 1985ರಲ್ಲಿ ಪ್ರೇಕ್ಷಕರ ಅಟ್ಟಣೆಯು ಅಗ್ನಿಗಾಹುತಿಯಾಗಲು, ತಿಂಗಳೊಳಗಾಗಿಯೇ ಡೇರೆಗಳನ್ನು ಹೂಡಿ ಮಹಾಪಂದ್ಯವನ್ನು ನಡೆಯಿಸಿದ್ದರು.

2000ದಲ್ಲಿ ಅದು ಚರ್ಚಿಲ್ ಡೌನ್ಸ್ ಕಂಪೆನಿಯ ವಶವಾಯಿತು. ಸಮೀಪದ ಜೂಜುಗೃಹವೊಂದರಲ್ಲಿಯೂ ಪಾಲು ಪಡೆದ ಆ ಕಂಪೆನಿಯು 2021ರ ಸೆಪ್ಟೆಂಬರ್ 25ರಂದು ಕಡೆಯ ಪಂದ್ಯವನ್ನೋಡಿಸಿತು. 2023ರಲ್ಲಿ ಭೂಮಿಯನ್ನು ಫುಟ್‌ಬಾಲ್ ತಂಡವೊಂದಕ್ಕೆ 19 ಕೋಟಿ 72 ಲಕ್ಷ ಡಾಲರುಗಳಿಗೆ ವಿಕ್ರಯಿಸಿತು. ಅಟ್ಟಣೆಯು ಅದೇ ವರ್ಷ ನೆಲಸಮವಾಯಿತು.

ದ್ಯೂತವನ್ನು ನಾನು ಮೆಚ್ಚುವವನಲ್ಲ. ಆದರೂ ನಿಲ್ದಾಣದಲ್ಲಿದ್ದ ವೃದ್ಧನೊಬ್ಬನು, “ತಂದೆಯವರು ನನ್ನ ಕೈಹಿಡಿದು ಇಲ್ಲಿಯೇ ಇಳಿಸುತ್ತಿದ್ದರು” ಎಂದಾಗ ಮನಸ್ಸು ಕರಗಿತು. ಕ್ರಯಪತ್ರದಲ್ಲಿ ಒಡೆಯರ ಹಸ್ತಾಕ್ಷರವುಂಟು. ಮೂರು ತಲೆಮಾರು ಟಿಕೆಟು ಕೊಂಡು ಆ ಮೈದಾನವನ್ನು ಸಾಕಿದವರನ್ನು ಕೇಳಿದವರಾರು?