ಬೀಗವಿಲ್ಲದ ಶಾಸ್ತ್ರಭಂಡಾರ

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ನಮ್ಮ ಆಚಾರ್ಯರು ದಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಮೊದಲ ಮೂರನ್ನು ಶ್ರಾವಕರಾದ ನಾವು ಸುಲಭವಾಗಿ ಗುರುತಿಸುತ್ತೇವೆ. ನಾಲ್ಕನೆಯದು ಗ್ರಂಥಗಳನ್ನು ಮುದ್ರಿಸಿ ಹಂಚುವುದಕ್ಕಷ್ಟೇ ಸೀಮಿತವೆಂದು ನಾನು ಬಹುಕಾಲ ತಿಳಿದಿದ್ದೆ. ಆ ತಿಳಿವಳಿಕೆ ಅಪೂರ್ಣವೆಂಬುದು ನನ್ನ ಮನೆಗೇ ಒದಗಿಬಂದ ಒಂದು ಕಷ್ಟಕಾಲದಲ್ಲಿ ಮನವರಿಕೆಯಾಯಿತು.

ಮೂರು ವರ್ಷಗಳ ಹಿಂದೆ ನನ್ನ ತಮ್ಮನಿಗೆ ಮಾತನಾಡುವಾಗ ಪದಗಳು ತಪ್ಪತೊಡಗಿದವು. ಎಂ.ಆರ್.ಐ. ಪರೀಕ್ಷೆಯಲ್ಲಿ ಮೆದುಳಿನ ಎಡಭಾಗದಲ್ಲಿ ಗಡ್ಡೆಯಿರುವುದು ಕಂಡುಬಂದಿತು. ಕೈಗೆ ಒಂದು ವರದಿಯೂ ಒಂದು ಸಿ.ಡಿ.ಯೂ ಬಂದವು. ವರದಿಯ ಭಾಷೆ ನಮಗೆ ಅರ್ಥವಾಗಲಿಲ್ಲ, ಸಿ.ಡಿ.ಯಲ್ಲಿದ್ದ ಚಿತ್ರಗಳು ಅಂಗಡಿಯ ಗಣಕಯಂತ್ರದಲ್ಲಿ ತೆರೆಯಲಿಲ್ಲ. ಆ ರಾತ್ರಿ ಬೆಂಗಳೂರಿನಿಂದ ಬಂದ ನನ್ನ ಕಿರಿಯ ಮಗಳು ತನ್ನ ಯಂತ್ರದಲ್ಲಿ ‘ತ್ರೀಡಿ ಸ್ಲೈಸರ್’ ಎಂಬ ತಂತ್ರಾಂಶದ ಮೂಲಕ ಅವುಗಳನ್ನು ತೆರೆದಳು.

ಅವಳು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸ್ಕ್ಯಾನಿನ ಯಂತ್ರವು ದೇಹವನ್ನು ತೆಳುವಾದ ಹಾಳೆಗಳಂತೆ ಚಿತ್ರಿಸುತ್ತದೆ. ಅವು ಓಲೆಗರಿಗಳ ಕಟ್ಟಿನ ಹಾಗೆ ಒಂದರ ಮೇಲೊಂದು ಕುಳಿತಿರುತ್ತವೆ. ಪ್ರತಿ ಹಾಳೆಯ ಪ್ರತಿ ಚುಕ್ಕೆಗೂ ಒಂದು ಸಂಖ್ಯೆಯುಂಟು. ಗಡ್ಡೆಯ ಅಂಚನ್ನು ಹಾಳೆಹಾಳೆಯಲ್ಲಿ ಗುರುತಿಸುತ್ತ ಹೋದರೆ, ತಂತ್ರಾಂಶವು ಆ ಅಂಚುಗಳನ್ನೆಲ್ಲ ಜೋಡಿಸಿ ಗಡ್ಡೆಯ ಪೂರ್ಣಾಕಾರವನ್ನು ನಿರ್ಮಿಸುತ್ತದೆ. ಅದನ್ನು ಎಲ್ಲ ದಿಕ್ಕುಗಳಿಂದಲೂ ತಿರುಗಿಸಿ ನೋಡಬಹುದು. ಅಡಕೆಯ ಗಾತ್ರದ ಆ ವಸ್ತುವನ್ನು ನನ್ನ ತಮ್ಮನು ಬಹಳ ಹೊತ್ತು ದಿಟ್ಟಿಸಿ ನೋಡಿದನು. “ಇಷ್ಟೇನೇ?” ಎಂದನು. ಭಯಕ್ಕೆ ಒಂದು ಆಕಾರ ದೊರೆತ ಮೇಲೆ ಅವನ ಮನಸ್ಸು ಸ್ವಲ್ಪ ಶಾಂತವಾಯಿತು.

ಮಗಳು ಎಚ್ಚರಿಸಲು ಮರೆಯಲಿಲ್ಲ: “ಅಪ್ಪಾಜಿ, ಇದು ಸಂಶೋಧನೆಗಾಗಿ ಮಾಡಿದ್ದು. ಡಾಕ್ಟರ ಮಾತಿಗೆ ಇದು ಬದಲಲ್ಲ. ನಾವು ಏನು ಕೇಳಬೇಕು ಅನ್ನೋದು ಗೊತ್ತಾಗುತ್ತೆ, ಅಷ್ಟೆ.” ಮರುದಿನ ತಮ್ಮನು ವೈದ್ಯರ ಮುಂದೆ ಕುಳಿತು, ಮಾತಿನ ಶಕ್ತಿಗೆ ಎಷ್ಟು ಅಪಾಯವಿದೆ ಎಂದು ನೇರವಾಗಿ ಕೇಳಿದನು. ಅವರೂ ನೇರವಾಗಿ ಉತ್ತರಿಸಿದರು. ಶಸ್ತ್ರಚಿಕಿತ್ಸೆಯಾಯಿತು. ಇಂದು ಅವನ ಮಾತು ಅಲ್ಲಲ್ಲಿ ತಡವರಿಸುತ್ತದೆ; ಆದರೆ ಬೆಳಗಿನ ಪೂಜೆಯಲ್ಲಿ ಅವನ ದನಿಯಿದೆ.

ಈ ತಂತ್ರಾಂಶವು 1998ರಲ್ಲಿ ಅಮೆರಿಕೆಯ ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆ ಮತ್ತು ಎಂ.ಐ.ಟಿ. ಸಂಸ್ಥೆಗಳ ನಡುವೆ, ಒಬ್ಬ ವಿದ್ಯಾರ್ಥಿಯ ಪ್ರಬಂಧದ ಕಾರ್ಯವಾಗಿ ಆರಂಭವಾಯಿತು. ಅದರ ಬುನಾದಿಯಲ್ಲಿ ಇನ್ನೆರಡು ಮುಕ್ತ ತಂತ್ರಾಂಶಗಳಿವೆ. ಒಂದು ವಿ.ಟಿ.ಕೆ.; 1993ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮೂವರು ಸಂಶೋಧಕರು ತಮ್ಮ ಪಠ್ಯಪುಸ್ತಕದ ಓದುಗರಿಗೆ ಕೊಡಲೆಂದು ಅದನ್ನು ಬರೆಯತೊಡಗಿದರು. ಇನ್ನೊಂದು ಐ.ಟಿ.ಕೆ.; ಅದರ ನಿರ್ಮಾಣಕ್ಕೆ 1999ರಲ್ಲಿ ಅಮೆರಿಕೆಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ಹಣ ಒದಗಿಸಿತು. ಇವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ವಿ.ಟಿ.ಕೆ.ಯ ಕರ್ತೃಗಳಲ್ಲೊಬ್ಬರಾದ ವಿಲಿಯಂ ಲೊರೆನ್ಸನ್ ಅವರ ವೃತ್ತಾಂತ ಗಮನಾರ್ಹವಾದುದು. ಹಾಳೆಗಳ ಅಂಕಿಗಳಿಂದ ಅವಯವದ ಮೇಲ್ಮೈಯನ್ನು ರಚಿಸುವ ‘ಮಾರ್ಚಿಂಗ್ ಕ್ಯೂಬ್ಸ್’ ಎಂಬ ವಿಧಾನವನ್ನು ಅವರು ಮತ್ತು ಹಾರ್ವೆ ಕ್ಲೈನ್ 1987ರಲ್ಲಿ ಪ್ರಕಟಿಸಿದರು. ಅದರ ಪೇಟೆಂಟ್ ಕಂಪನಿಯ ಕೈಯಲ್ಲಿದ್ದು, 2005ರಲ್ಲಿ ಅವಧಿ ಮುಗಿಯಿತು. ಒಬ್ಬನೇ ವ್ಯಕ್ತಿಯ ಬುದ್ಧಿಯ ಫಲದಲ್ಲಿ ಒಂದು ಭಾಗ ಬೀಗದೊಳಗೆ, ಇನ್ನೊಂದು ಭಾಗ ಅಂಗಳದಲ್ಲಿ! ವ್ಯಾಪಾರಿಯಾದ ನಾನು ಪೇಟೆಂಟನ್ನು ದೂಷಿಸಲಾರೆ. ಹೂಡಿದ ಬಂಡವಾಳಕ್ಕೆ ಪ್ರತಿಫಲ ಬೇಕು. ಆದರೆ ಅಪರಿಗ್ರಹವು ಧನಕ್ಕೆ ಮಾತ್ರವಲ್ಲ, ವಿದ್ಯೆಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ತಮ್ಮನು ಗುಣಮುಖನಾಗುತ್ತಿದ್ದ ದಿನಗಳಲ್ಲಿ ಮಗಳು ರಾತ್ರಿಯ ಹೊತ್ತು ಅದೇ ತಂತ್ರಾಂಶದ ಒಂದು ಸಣ್ಣ ದೋಷವನ್ನು ತಿದ್ದುತ್ತ ಕುಳಿತಿರುತ್ತಿದ್ದಳು. “ಇದಕ್ಕೆ ಯಾರು ಹಣ ಕೊಡುತ್ತಾರಮ್ಮ?” ಎಂದು ಕೇಳಿದೆ. “ಚಿಕ್ಕಪ್ಪನ ಚಿತ್ರ ತೆರೆದಾಗ ನಾವು ಯಾರಿಗೆ ಕೊಟ್ವಿ ಅಪ್ಪಾಜಿ?” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಗಡಿಯ ಲೆಕ್ಕದ ಪ್ರೋಗ್ರಾಮಿಗಾದರೂ ಕೊಟ್ಟಿದ್ದೀರಾ?” ಎಂದು ಕೇಳಿದಳು.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಅಂಗಡಿಯ ಲೆಕ್ಕಪತ್ರದ ತಂತ್ರಾಂಶವು ಪರಿಚಯದವರೊಬ್ಬರು ನಕಲು ಮಾಡಿಕೊಟ್ಟದ್ದಾಗಿತ್ತು. ಹನ್ನೊಂದು ವರ್ಷ ಅದರಲ್ಲಿಯೇ ಜಮಾ-ಖರ್ಚು ಬರೆದಿದ್ದೆ. ಪರ್ಯೂಷಣದ ದಿನಗಳಲ್ಲಿ ಅಚೌರ್ಯಾಣುವ್ರತದ ವಿಷಯವಾಗಿ ಬಸದಿಯಲ್ಲಿ ಉಪನ್ಯಾಸವನ್ನೂ ಮಾಡಿದ್ದೆ! ಕೊಡದೆ ಇರುವುದನ್ನು ತೆಗೆದುಕೊಳ್ಳುವುದೇ ಕಳವು. ಕದ್ದು ತಂದದ್ದನ್ನು ಸ್ವೀಕರಿಸುವುದೂ ವ್ರತಕ್ಕೆ ಅತಿಚಾರ. ಇದು ತತ್ತ್ವಾರ್ಥಸೂತ್ರವನ್ನು ಓದಿದ ನನಗೆ ತಿಳಿಯದ ವಿಷಯವೇನಲ್ಲ. ಮರುವಾರವೇ ಹಣ ಕೊಟ್ಟು ಪರವಾನಗಿ ಪಡೆದೆ. ಆದರೆ ಹನ್ನೊಂದು ವರ್ಷದ ಬಾಕಿ ನನ್ನ ಮನಸ್ಸಿನ ಖಾತೆಯಲ್ಲಿ ಇನ್ನೂ ಉಳಿದಿದೆ.

ಇಲ್ಲಿ ಮೂಡುಬಿದಿರೆಯ ಸಿದ್ಧಾಂತಗ್ರಂಥಗಳ ಇತಿಹಾಸ ನೆನಪಾಗುತ್ತದೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆಯ ಓಲೆಪ್ರತಿಗಳು ಶತಮಾನಗಳ ಕಾಲ ಅಲ್ಲಿನ ಬಸದಿಯಲ್ಲಿ ದರ್ಶನದ ವಸ್ತುಗಳಾಗಿದ್ದವು. ಅವುಗಳನ್ನು ಕಾಪಾಡಿದವರಿಗೆ ನಾವು ಚಿರಋಣಿಗಳು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾದಾಗಲೂ ಪ್ರತಿಗಳು ಹೊರಗೆ ಹೋಗುವಂತಿರಲಿಲ್ಲ. ಕೊನೆಗೆ ಗುಟ್ಟಾಗಿ ಬರೆದುಕೊಂಡ ಪ್ರತಿಯೊಂದು ಉತ್ತರ ಭಾರತವನ್ನು ತಲಪಿತು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಹದಿನಾರು ಸಂಪುಟಗಳಾಗಿ ಅದು ಮುದ್ರಣಗೊಂಡಿತು. ಆ ಗುಪ್ತ ಪ್ರತಿಯು ಕಳವೋ ಶಾಸ್ತ್ರದಾನವೋ? ನಾನು ತೀರ್ಪು ಕೊಡಲಾರೆ. ಇಷ್ಟನ್ನು ಮಾತ್ರ ಹೇಳಬಲ್ಲೆ: ವಿದ್ಯೆಗೆ ಬೀಗ ಹಾಕಿದಲ್ಲಿ ಸಜ್ಜನರೂ ಇಂಥ ಇಕ್ಕಟ್ಟಿಗೆ ಸಿಲುಕುತ್ತಾರೆ. ಒಡೆಯನೇ ಬಾಗಿಲು ತೆರೆದಿಟ್ಟಲ್ಲಿ ಪಡೆಯುವವನ ವ್ರತಕ್ಕೆ ಭಂಗವಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯು ಹತ್ತನೆಯ ಶತಮಾನದಲ್ಲಿಯೇ ಈ ಮಾರ್ಗವನ್ನು ತೋರಿಸಿದ್ದಾಳೆ.

ಆದರೂ ತೆರೆದ ಬಾಗಿಲೆಂಬ ಕಾರಣಕ್ಕೆ ಎಲ್ಲವೂ ನಿರ್ದೋಷವಾಗುವುದಿಲ್ಲ. ಐ.ಟಿ.ಕೆ.ಯ ಹುಟ್ಟಿಗೆ ಕಾರಣವಾದುದು ಅದೇ ಗ್ರಂಥಾಲಯವು 1994ರಲ್ಲಿ ಪ್ರಕಟಿಸಿದ ಒಂದು ಮಾನವದೇಹದ ಚಿತ್ರಸಂಗ್ರಹ. ಅದು 1993ರಲ್ಲಿ ಟೆಕ್ಸಾಸ್‌ನಲ್ಲಿ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ದೇಹ. ಅವನು ವಿಜ್ಞಾನಕ್ಕೆ ದೇಹದಾನ ಮಾಡಲು ಒಪ್ಪಿದ್ದನು. ಒಂದೊಂದು ಮಿಲಿಮೀಟರಿನ 1,871 ಪದರಗಳಾಗಿ ಜಗತ್ತಿನ ಕಣ್ಣೆದುರು ಬರುವೆನೆಂದು ತಿಳಿದಿರಲಿಲ್ಲ. ತಿಳಿಯದೆ ಕೊಟ್ಟ ದಾನ ಎಷ್ಟರಮಟ್ಟಿಗೆ ದಾನ? ಅವನಿಂದ ಉಪಕೃತರಾದವರಲ್ಲಿ ನನ್ನ ತಮ್ಮನೂ ಒಬ್ಬನು. ಜೀವಗಳು ಪರಸ್ಪರ ಉಪಕಾರಿಗಳೆಂಬ ಮಾತು ಇಷ್ಟು ದೂರದವರೆಗೆ ಚಾಚಿರುವುದನ್ನು ಕಂಡಾಗ ತಲೆ ತಾನಾಗಿ ಬಾಗುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಲ್ಲಿರುವ ಮಹನೀಯರಲ್ಲಿ ನನ್ನದೊಂದು ಬಿನ್ನಹ. ಉಚಿತವಾಗಿ ದೊರೆಯುವುದು ವೆಚ್ಚವಿಲ್ಲದೆ ಆದುದಲ್ಲ; ಯಾರದೋ ಹಣ, ಯಾರದೋ ನಿದ್ರೆ ಅದರಲ್ಲಿ ಸೇರಿರುತ್ತದೆ. ನಾವು ಔಷಧದಾನಕ್ಕೆ ಹಣ ತೆಗೆದಿರಿಸುತ್ತೇವೆ, ಗ್ರಂಥಪ್ರಕಟಣೆಗೂ ತೆಗೆದಿರಿಸುತ್ತೇವೆ. ಇವೆರಡೂ ಒಂದೇ ಕಡೆ ಕೂಡುವ ಇಂಥ ಕಾರ್ಯದಲ್ಲಿ ತೊಡಗಿರುವ ನಮ್ಮ ಸಮಾಜದ ತರುಣ ತರುಣಿಯರಿಗೆ ಒಂದು ಪುಟ್ಟ ವಿದ್ಯಾರ್ಥಿವೇತನವನ್ನಾದರೂ ಕೊಡಬಾರದೇ? ಹಾಗೆಯೇ, ತಮ್ಮ ಕಚೇರಿಯ ಗಣಕಯಂತ್ರದಲ್ಲಿರುವುದು ಕೊಟ್ಟದ್ದೋ ಕದ್ದದ್ದೋ ಎಂಬುದನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಲಿ. ನಾನು ತಡವಾಗಿ ಮಾಡಿದ ಆ ಪರೀಕ್ಷೆಯನ್ನು ಇತರರು ಬೇಗನೆ ಮಾಡಲೆಂಬುದೇ ಈ ಬರಹದ ಆಶಯ.