ಗುಡ್ಡಕ್ಕೊಂದು ಟಿಕೆಟ್

ಗುಡ್ಡ ಹತ್ತುವುದಕ್ಕೆ ಬಸ್ಸಿನಲ್ಲೇ ಹೋಗಬೇಕು ಎಂಬುದು ನನ್ನ ಹಟ. ಬೈಕಿರುವ ಗೆಳೆಯರು ಇದನ್ನು ಜಿಪುಣತನ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ, ಉಳಿದ ದುಡ್ಡಿಗೆ ಒಂದು ಪ್ಲೇಟು ಮಿರ್ಚಿ ಬಂದರೆ ಅದೂ ಉಳಿತಾಯವೇ. ಆದರೆ ನನ್ನ ಲೆಕ್ಕ ಬೇರೆ. ಬೈಕಿನವನು ಬುಡದ ಬೇವಿನ ನೆರಳಿನಲ್ಲಿ ಗಾಡಿ ನಿಲ್ಲಿಸಿ ಹತ್ತುತ್ತಾನೆ. ತುದಿಗೆ ಹೋಗಿ ಆಚೆ ಬದಿಯ ಕೆರೆ, ಹೊಲ, ಊರು ಎಲ್ಲ ಕಣ್ಣಿಗೆ ಬಿದ್ದರೂ ಅವನು ಬಂದ ದಾರಿಯಲ್ಲೇ ಇಳಿಯಬೇಕು. ಗೂಟಕ್ಕೆ ಕಟ್ಟಿದ ಎಮ್ಮೆ ಹಗ್ಗ ಇದ್ದಷ್ಟೇ ಮೇಯುವ ಹಾಗೆ. ಬಸ್ಸಿನವನಿಗೆ ಗೂಟವಿಲ್ಲ. ಈ ಬದಿಯಿಂದ ಹತ್ತಿ ಆ ಬದಿಗೆ ಇಳಿದರೆ ಅಲ್ಲೂ ಒಂದು ಡಾಂಬರು ರಸ್ತೆ ಇರುತ್ತದೆ. ಅದರ ಮೇಲೆ ಸಂಜೆಯೊಳಗೆ ಯಾವುದಾದರೂ ಬಸ್ಸು ಬಂದೇ ಬರುತ್ತದೆ, ಕೈ ಮಾಡಿದರೆ ನಿಲ್ಲುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಡ್ಡದ ಮೈಗೆ ಆತುಕೊಂಡು ಬೆಳೆದ ಊರುಗಳು. ಯಾದಗಿರಿಯ ಕೋಟೆಯಂತೂ ಊರ ತಲೆಯ ಮೇಲೇ ಇದೆ. ಬಸ್ಸಿಳಿದು ಚಾ ಕುಡಿದು ಹೊರಟರೆ ಬಾಯಲ್ಲಿನ ರುಚಿ ಆರುವ ಮೊದಲೇ ಮೆಟ್ಟಿಲು ಶುರು. ಬೆಳಗಿನ ಜಾವ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ಇದನ್ನು ಓಡುತ್ತ ಹತ್ತುತ್ತಾರೆ, ನಾವು ತೋಪಿನ ಬುರುಜಿನ ನೆಪ ಹೇಳಿ ನಡುನಡುವೆ ಕೂಡುತ್ತೇವೆ. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾದ ಮೇಲೆ ಪಹಣಿ, ಪಿಂಚಣಿ, ಕೋರ್ಟು ಅಂತ ಇತ್ತ ಓಡಾಡುವವರು ಹೆಚ್ಚಾದರು. ಅವರಿಗಾಗಿ ಓಡುವ ಬಸ್ಸುಗಳಲ್ಲಿ ನನ್ನ ಕೆಲಸವಿಲ್ಲದ ಕೆಲಸವೂ ಒಂದು ಸೀಟು ಹಿಡಿಯುತ್ತದೆ.

“ಎಲ್ಲಿಗ್ರಿ?” ಅನ್ನುತ್ತಾರೆ ಕಂಡಕ್ಟರು.

“ಆ ಗುಡ್ಡದ ಹಂತ್ಯಾಕ ಇಳಸ್ರಿ.”

“ಗುಡ್ಡಕ್ಕ ಸ್ಟೇಜ್ ಇಲ್ರಿ.”

ಹಾಗಾಗಿ ಮುಂದಿನ ಸ್ಟೇಜಿನ ತನಕ ಟಿಕೆಟ್ ತಗೊಂಡು ಹಿಂದೆಯೇ ಇಳಿಯುತ್ತೇನೆ. ಇಡೀ ಬಸ್ಸು ಕಿಟಕಿಗೆ ಮುಖ ಇಟ್ಟು ನೋಡುತ್ತದೆ. ಹೊಲವಿಲ್ಲ, ಗುಡಿಯಿಲ್ಲ, ಬೀಗರ ಮನೆಯಿಲ್ಲ, ಇಲ್ಲಿ ಯಾಕೆ ಇಳಿದ ಇವನು?

ಬಸ್ಸಿನ ಕಿಟಕಿಗೆ ಇನ್ನೊಂದು ಉಪಯೋಗವಿದೆ. ಶಹಾಪುರದ ಮಲಗಿದ ಬುದ್ಧನನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಂದರ ಮಗ್ಗುಲಲ್ಲಿ ಒಂದು ಸೇರಿದ ನಾಲ್ಕು ಗುಡ್ಡಗಳು ದೂರದಿಂದ ಅಂಗಾತ ಮಲಗಿದ ಮನುಷ್ಯನ ಹಾಗೆ ಕಾಣುತ್ತವೆ: ಹಣೆ, ಮೂಗು, ಗದ್ದ, ಎದೆ, ಉದ್ದಕ್ಕೆ ಚಾಚಿದ ಕಾಲು. ಬಸ್ಸು ಮುಂದೆ ಹೋದಂತೆ ಮೊದಲು ಮೂಗು ದಪ್ಪವಾಗುತ್ತದೆ, ಗದ್ದ ಎದೆಯೊಳಗೆ ಹೋಗುತ್ತದೆ, ಇನ್ನಷ್ಟು ಮುಂದೆ ಬರೀ ಕಲ್ಲುಗುಡ್ಡ. ಮೇಲೆ ಹತ್ತಿದವನಿಗಂತೂ ಬುದ್ಧ ಸಿಗುವುದೇ ಇಲ್ಲ. ಈಗ ಹಣೆಯ ಮೇಲಿದ್ದೇನೋ ಗದ್ದದ ಮೇಲಿದ್ದೇನೋ ಎಂದು ನಾನೂ ಜೊತೆಗಿದ್ದ ಗೆಳೆಯನೂ ವಾದ ಮಾಡಿದ್ದೇವೆ. ಆಡುಗಳು ಎರಡೂ ಕಡೆ ಒಂದೇ ಥರ ಮೇಯುತ್ತಿದ್ದವು.

ಈ ಗುಡ್ಡಗಳಲ್ಲಿ ನಡೆಯುವವರಿಗೆಂದೇ ಯಾರೂ ದಾರಿ ಮಾಡಿಲ್ಲ. ಬಾಣದ ಗುರುತಿನ ಫಲಕ, ಕಟ್ಟಿಗೆಯ ಬೇಲಿ ಇದ್ಯಾವುದೂ ಇಲ್ಲ. ಇರುವ ದಾರಿಗಳೆಲ್ಲ ಬೇರೆ ಕೆಲಸಕ್ಕೆ ಹೋದ ಕಾಲುಗಳು ಬಿಟ್ಟುಹೋದವು: ಸೀತಾಫಲಕ್ಕೆ ಹೋದವರವು, ಉರುವಲಿಗೆ ಹೋದವರವು, ದೇವರಿಗೆ ಹೋದವರವು. ಅವುಗಳಲ್ಲಿ ಬೇಕಾದ್ದನ್ನು ಆರಿಸುವುದೇ ಈ ಹವ್ಯಾಸದ ಅರ್ಧ ಸುಖ. ಆಡಿನ ದಾರಿ ಗುಡ್ಡದ ಹೊಟ್ಟೆಯ ಸುತ್ತ ಅಡ್ಡಡ್ಡ ಹೋಗುತ್ತದೆ. ಅಗಲ ಒಂದು ಗೇಣು, ಕೊನೆಗೆ ಒಂದು ಕಾರೆಕಂಟಿಯ ಬುಡದಲ್ಲಿ ಸುಮ್ಮನೆ ಮುಗಿಯುತ್ತದೆ. ಮನುಷ್ಯರ ದಾರಿ ಹಾಗೆ ಮುಗಿಯುವುದಿಲ್ಲ. ಅದು ನೀರಿಗಾದರೂ ಹೋಗುತ್ತದೆ, ದೇವರಿಗಾದರೂ ಹೋಗುತ್ತದೆ. ಬರೀ ಬಂಡೆಯ ಹಾಸು ಬಂದಾಗ ಎರಡೂ ಮಾಯವಾಗುತ್ತವೆ. ಆಗ ಬಿಸಿಲಿಗೆ ಎದುರಾಗಿ ನಿಂತು ಓರೆಯಾಗಿ ನೋಡಬೇಕು. ಕಾಲು ಸವೆಸಿದ ಕಡೆ ಕಲ್ಲು ಸ್ವಲ್ಪ ನುಣುಪಾಗಿ, ಮಸುಕು ಬಿಳುಪಾಗಿ ಹೊಳೆಯುತ್ತದೆ.

ಶ್ರಾವಣ ಸೋಮವಾರಗಳಲ್ಲಿ ಈ ಜಾಣತನ ಬೇಡ. ದಿಗ್ಗಿ ಸಂಗಮೇಶ್ವರನ ದಾರಿಯಲ್ಲಿ ಜನರೇ ಸಾಲಾಗಿ ಹೋಗುತ್ತಿರುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಹೆಂಗಸರದೇ ಸಂಭ್ರಮ. ಸೊಸೆಯಂದಿರು, ಅವರ ಅತ್ತೆಯಂದಿರು, ಬುತ್ತಿ ಗಂಟು, ತೆಂಗಿನಕಾಯಿ. ಬಸ್ಸಿನಲ್ಲಿ ಮಂಡಿನೋವು ಅಂತ ಸೀಟು ಕೇಳಿದ ಆಯಿ ಏರುದಾರಿಯಲ್ಲಿ ನನ್ನನ್ನು ಹಿಂದೆ ಹಾಕಿ ಹೋಗಿ, ತಿರುವಿನಲ್ಲಿ ಕೂತು ನನಗಾಗಿ ಕಾದು ಕೇಳಿದ್ದು ಇದು:

“ಕಾಯಿ ಇಲ್ಲ, ಕರ್ಪೂರ ಇಲ್ಲ. ದೇವರಿಗಲ್ಲಂದ್ರ ಗುಡ್ಡ ಯಾಕ ಹತ್ತತಿ ಯಪ್ಪಾ? ಆಡು ಕಳದಾವೇನು?”

“ಇಲ್ಲಬೇ, ಸುಮ್ನ.”

“ಸುಮ್ನ!” ಅಂತ ಜೊತೆಗಿದ್ದವರನ್ನೆಲ್ಲ ನೋಡಿ ನಕ್ಕು, ಬುತ್ತಿ ಬಿಚ್ಚಿ ಸಜ್ಜಿರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ಆಡು ಕಳೆದುಕೊಂಡವನಿಗೆ ಅಷ್ಟು ಮರ್ಯಾದೆ ಸಿಗುತ್ತಿತ್ತೋ ಇಲ್ಲವೋ.

ಮೇಲೆ ಕೂತಾಗ ಕೈಗೆ ಸಿಗುವ ಕಲ್ಲು ಸಾಮಾನ್ಯದ್ದಲ್ಲ. ಈ ಭಾಗದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತೆ ಕಾಣುವ ಗುಂಡುಗಳನ್ನು ಯಾರೂ ತಂದಿಟ್ಟಿಲ್ಲ. ನೆಲದೊಳಗಿದ್ದಾಗಲೇ ಬಂಡೆಯ ಬಿರುಕುಗಳಲ್ಲಿ ನೀರು ಇಳಿದು ಮೂಲೆಗಳನ್ನು ಕೊಳೆಯಿಸಿತು. ಮೂಲೆಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಅದೇ ಮೊದಲು ಸವೆಯುತ್ತದೆ, ಹಾಗಾಗಿ ಚೌಕ ಇದ್ದದ್ದು ಗುಂಡಗಾಯಿತು. ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗುಂಡುಗಳು ಇದ್ದಲ್ಲೇ ಬಯಲಾದವು. ಅತ್ತ ಗೋಗಿಯ ಕಡೆ ಕಲ್ಲಿನ ಜಾತಿಯೇ ಬದಲಾಗುತ್ತದೆ. ಅಲ್ಲಿಂದ ಭೀಮಾ ಸೀಮೆಯ ಸುಣ್ಣಗಲ್ಲು, ಅಂದರೆ ನಮ್ಮ ಮನೆಗಳ ನೆಲದ ಪರಸಿ ಕಲ್ಲಿನ ಬಳಗ. ಬಸ್ಸಿನಲ್ಲಿ ಹೋಗುತ್ತ ಹೊಲದ ಬದುವಿನ ಕಲ್ಲು ನೋಡಿದರೆ ಸಾಕು, ದುಂಡು ಮುಗಿದು ಚಪ್ಪಟೆ ಶುರುವಾದದ್ದು ತಿಳಿಯುತ್ತದೆ.

ಗುಂಡುಗಳನ್ನು ಮನುಷ್ಯರೇ ತಂದಿಟ್ಟ ಜಾಗವೂ ಒಂದಿದೆ, ಶಹಾಪುರ ತಾಲೂಕಿನ ವಿಭೂತಿಹಳ್ಳಿ. ಅಲ್ಲಿ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಗಳು ಉದ್ದಕ್ಕೂ ಅಡ್ಡಕ್ಕೂ ಸಾಲು ಹಿಡಿದು ಕೂತಿವೆ. ಬೃಹತ್ ಶಿಲಾಯುಗದವರ ಕೆಲಸ. ಸುರಪುರದಲ್ಲಿ 1841ರಿಂದ 1853ರವರೆಗೆ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಈ ಸೀಮೆಯ ಇಂಥ ಕಲ್ಲುಸಾಲು, ಗೋರಿಗಳನ್ನೆಲ್ಲ ತಿರುಗಿ ನೋಡಿ ಬರೆದಿಟ್ಟ. ಕುದುರೆ ಇದ್ದವನಾದರೂ ಕಲ್ಲಿನ ಸಾಲನ್ನು ಅಳೆಯುವಾಗ ಇಳಿದು ನಡೆದೇ ಇರಬೇಕು. ಒಂದು ಸಾಲಿನ ನಡುವೆ ತುದಿಯಿಂದ ತುದಿಗೆ ನಡೆಯುವುದು ನನಗೆ ಯಾವ ಗುಡ್ಡಕ್ಕೂ ಕಡಿಮೆಯಿಲ್ಲದ ಖುಷಿ. ಏರಿಲ್ಲ, ಇಳಿತವಿಲ್ಲ, ಎಡವಿದರೆ ಮೂರು ಸಾವಿರ ವರ್ಷದ ಹತ್ತಿರದ ಕಲ್ಲನ್ನೇ ಎಡವಬೇಕು. ಇದನ್ನೂ ಹಳೆಯದು ಅನ್ನುವ ಹಾಗಿಲ್ಲ. ಹುಣಸಗಿ ಕಡೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಅಗೆಸಿದ ಕಲ್ಲುಕೊಡಲಿಗಳ ಜಾಗಕ್ಕೆ ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಸಿಕ್ಕಿದೆ. ಒಳ್ಳೆಯ ಕಲ್ಲು ಹುಡುಕುತ್ತ ಇಲ್ಲಿ ತಿರುಗಿದವರಲ್ಲಿ ನಾವು ತೀರ ಕೊನೆಯವರು.

ಕಾಲ ಯಾವುದು ಎಂದು ಕೇಳುತ್ತಾರೆ. ಯುಗಾದಿಯ ಮೇಲೆ ಬೇಡ, ಅಷ್ಟೇ. ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ಬಂಡೆ ಕಾದು ಸಂಜೆಯಾದರೂ ಆರುವುದಿಲ್ಲ. ಮೊದಲ ಮಳೆಗೆ ಓತಿಕ್ಯಾತಗಳು ಬಣ್ಣ ಬದಲಿಸಿ ಗುಂಡಿನ ನೆತ್ತಿಯ ಮೇಲೆ ದಂಡ ಹೊಡೆಯತೊಡಗಿದರೆ ಹಂಗಾಮು ಶುರು. ದಸರೆಯ ಹೊತ್ತಿಗೆ ಸೀತಾಫಲ, ಸಂಕ್ರಾಂತಿಯ ಆಸುಪಾಸಿಗೆ ಬಾರಿಹಣ್ಣು. ಜೇಬು ತುಂಬ ಹಣ್ಣು ತುಂಬಿಕೊಂಡು ಇಳಿದರೆ ಬಸ್ಸಿನಲ್ಲಿ ಸೀಟಿಲ್ಲದಿದ್ದರೂ ಮಾತಿಗೆ ಜನ ಸಿಗುತ್ತಾರೆ. ಮೇಲಿಂದ ಕಾಣುವುದೂ ಆ ದಿನಗಳಲ್ಲಿ ಚಂದ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದಲ್ಲಿ ಭತ್ತದ ಹಸಿರು, ಹರಿಯದಲ್ಲಿ ತೊಗರಿ, ಹತ್ತಿ. ನಡುವಿನ ಗೆರೆ ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟ.

ಸುರಪುರ ತಲುಪಿದರೆ ಗುಡ್ಡ ಯಾವುದು ಓಣಿ ಯಾವುದು ಎಂದು ಬೇರೆ ಮಾಡುವುದೇ ಕಷ್ಟ. ಟೇಲರ್ ಮಂಜಿಲ್‌ಗೆ ಹೋಗುವವರು ಬಹಳ. ಗಾಳಿ ಚೆನ್ನಾಗಿದೆ, ನೋಟ ಚೆನ್ನಾಗಿದೆ, ಆದರೆ ತಲುಪಿದ ಮೇಲೆ ಬಂಗಲೆ ನೋಡಬೇಕಾಗುತ್ತದೆ. ನನ್ನ ಮನಸ್ಸು ವಾಗಣಗೇರಾದ ಕಡೆ. 1705ರಲ್ಲಿ ಔರಂಗಜೇಬ ತನ್ನ 86ನೇ ವಯಸ್ಸಿನಲ್ಲಿ ದಂಡು ಕಟ್ಟಿಕೊಂಡು ಬಂದು ಮುತ್ತಿದ ಕೋಟೆ ಅದು, ಅವನ ಕೊನೆಯ ಮುತ್ತಿಗೆ. ಎದುರಿನ ಲಾಲ್ ಟಿಕ್ರಿ ಎಂಬ ಒಂದು ಕೆಂಪು ದಿಬ್ಬಕ್ಕಾಗಿಯೇ ಎಷ್ಟೋ ಜೀವ ಹೋದವು. ಫೆಬ್ರುವರಿಯಲ್ಲಿ ಶುರುವಾಗಿ ಏಪ್ರಿಲ್ ತನಕ ಎಳೆದ ಮೇಲೆ ಬಾದಶಹನ ಸೈನ್ಯ ಒಳಗೆ ನುಗ್ಗಿದರೆ ಕೋಟೆಯ ಒಡೆಯ ಪಿಡ್ಡನಾಯಕ ಅಲ್ಲಿರಲಿಲ್ಲ. ರಾತ್ರೋರಾತ್ರಿ ತನ್ನವರೊಂದಿಗೆ ಇನ್ನೊಂದು ಬದಿಯಿಂದ ಇಳಿದು ಹೋಗಿದ್ದ. ಆನೆ, ಒಂಟೆ, ತೋಪು, ಡೇರೆ ಎಲ್ಲ ಬುಡದಲ್ಲಿ ಬಿಟ್ಟು ಬಂದ ಬಾದಶಹ ಬಂದ ದಾರಿಯನ್ನೇ ಹಿಡಿಯಬೇಕಾಯಿತು.

ನಾಯಕ ಇಳಿದದ್ದು ಯಾವ ಕಡೆಯಿಂದ ಎಂದು ಅಲ್ಲಿ ಕುರಿ ಕಾಯುವ ಹುಡುಗನನ್ನು ಕೇಳಿದೆ. ಅವನು ಕೋಲು ಎತ್ತಿ ಮೂರು ಕಡೆ ತೋರಿಸಿದ. ಒಂದರಲ್ಲಿ ಮುಳ್ಳುಕಂಟಿ ಜಾಸ್ತಿ, ಒಂದರಲ್ಲಿ ನೀರಿನ ಹೊಂಡ ಅದ.

“ಈ ಮೂರನೇದು ಹಿಡೀರಿ ಕಾಕಾ,” ಅಂದ, “ಐದೂವರಿ ಬಸ್ ಸಿಗ್ತದ.”