ನಮ್ಮ ಮನೆಮಾತು ಹಿಂದಿ ಅಲ್ಲ (ಭಾಗ 4)

ಹಿಂದಿ ಹೇರಿಕೆ ವಿರುದ್ಧ ಪೋಸ್ಟರ್ ಬಂದಾಗ ನೀವೂ ಸ್ಟೋರಿಗೆ ಹಾಕ್ತೀರಿ, ನಾನೂ ಹಾಕ್ತೀನಿ. ಆದರೆ ಸರ್ಕಾರದ ಲೆಕ್ಕದಲ್ಲಿ ನನ್ನ ಮನೆಮಾತೇ ಹಿಂದಿ. ಗೊತ್ತಿತ್ತಾ ನಿಮಗೆ?

ನಮ್ಮದು ಲಂಬಾಣಿ. ನಾವು ಗೋರ್ ಬೋಲಿ ಅಂತೀವಿ. 2011ರ ಜನಗಣತಿಯಲ್ಲಿ ಲಂಬಾಣಿ ತಾಯ್ನುಡಿ ಅಂತ ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಅಷ್ಟೂ ಜನರನ್ನ ಹಿಂದಿಯ ಕೆಳಗೆ ಸೇರಿಸಿದ್ದಾರೆ. ಭೋಜಪುರಿ, ರಾಜಸ್ಥಾನಿ ಎಲ್ಲ ಸೇರಿಯೇ ಹಿಂದಿಗೆ 52 ಕೋಟಿ ಬಂದಿರೋದು. (ನಮ್ಮ ಬಿಕಾಂ ಭಾಷೆಯಲ್ಲಿ, ಸಣ್ಣ ಅಕೌಂಟ್‌ಗಳ ಬ್ಯಾಲೆನ್ಸ್ ಎಲ್ಲ ದೊಡ್ಡವರ ಖಾತೆಗೆ ಹಾಕಿದ ಹಾಗೆ.) ತುಳುವಿನವರು 18 ಲಕ್ಷ, ಅವರಿಗೆ ಪಟ್ಟಿಯಲ್ಲಿ ಸ್ವಂತ ಸಾಲಿದೆ. ನಮಗಿಲ್ಲ.

ಪಾಣಿ, ಘರ್ ಅಂದರೆ ಹಿಂದಿ ತರ ಕೇಳುತ್ತೆ, ಒಪ್ತೀನಿ. ರಾಜಸ್ಥಾನದ ಕಡೆಯ ನುಡಿಗಳ ಬಳಗ ನಮ್ಮದು. ಆದರೆ ನಾನು ಅಮ್ಮನ್ನ ಯಾಡಿ ಅಂತ ಕರೀತೀನಿ. ಯಾವ ಹಿಂದಿಯಲ್ಲಿದೆ ಅದು?

ಇನ್ನೊಂದು ವಿಷಯ. ನಾವು ಕನ್ನಡ ಅಕ್ಷರದಲ್ಲಿ ಬರೀತೀವಿ, ತೆಲಂಗಾಣದವರು ತೆಲುಗಿನಲ್ಲಿ, ಮಹಾರಾಷ್ಟ್ರದವರು ನಾಗರಿಯಲ್ಲಿ. ಫೆಬ್ರವರಿ 15ರ ಸೇವಾಲಾಲ್ ಜಯಂತಿಗೆ ಅವರ ರೀಲ್ಸ್ ಬಂದರೆ ಹಾಡು ತಿಳಿಯುತ್ತೆ, ತೆಲುಗು ಕ್ಯಾಪ್ಷನ್ ಓದೋಕೆ ಬರಲ್ಲ. ಕೊನೆಗೆ ಎಲ್ಲರೂ ಇಂಗ್ಲಿಷ್ ಅಕ್ಷರಕ್ಕೆ ಬರ್ತೀವಿ. ಮೀಸಲಾತಿಯೂ ಹಾಗೇ. ಇಲ್ಲಿ ಎಸ್‌ಸಿ, ತೆಲಂಗಾಣದಲ್ಲಿ ಎಸ್‌ಟಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಹ್ಯಾಷ್‌ಟ್ಯಾಗ್ ಒಂದೇ, ಬೇಡಿಕೆ ಒಂದೊಂದು ರಾಜ್ಯಕ್ಕೆ ಒಂದೊಂದು. ಒಟ್ಟಿಗೆ ಕೇಳೋಕೆ ಆಗೋದು ಭಾಷೆ ಒಂದನ್ನೇ, ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಅಂತ.

ಬಯೋದಲ್ಲಿ ‘ಗೋರ್’ ಅಂತ ಹಾಕಿದ ದಿನ ಒಬ್ಬರು ‘ಹಾಗಾದ್ರೆ ನೀನು ಕನ್ನಡದವಳಲ್ವಾ?’ ಅಂತ ಮೆಸೇಜ್ ಮಾಡಿದ್ರು. ಅಮೃತಾಪುರದ ಅಮೃತೇಶ್ವರ ದೇವಸ್ಥಾನ 1196ರದ್ದು, ಅಲ್ಲಿನ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ಆ ಕಲ್ಲಿನ ಫೋಟೊ ಹಾಕಿದ್ದೂ ಇದೇ ಪೇಜಲ್ಲಿ, ನಾನೇ. ಮನೇಲಿ ಒಂದು ಮಾತು, ಊರಲ್ಲಿ ಒಂದು ಮಾತು ಇರೋರಿಗೆ ಈ ಪ್ರಶ್ನೆ ಯಾಕೆ ಬರುತ್ತೋ! ತುಳು ಸ್ಟೇಟಸ್ ಹಾಕಿದವರನ್ನ ಯಾರೂ ಹೀಗೆ ಕೇಳಿದ್ದು ನಾನಂತೂ ನೋಡಿಲ್ಲ.

ಈಗ 2027ರ ಜನಗಣತಿ ಬರ್ತಿದೆ. 2011ರ ಫಾರಂನಲ್ಲಿ ಮಾತೃಭಾಷೆಗೆ ಒಂದು ಕಾಲಂ, ಗೊತ್ತಿರೋ ಬೇರೆ ಭಾಷೆಗೆ ಇನ್ನೊಂದು ಇತ್ತು. ನಮ್ಮ ತಾಂಡಾದಲ್ಲಿ ಕೆಲವರು ‘ರೇಷನ್ ಕಾರ್ಡ್ ಕನ್ನಡದಲ್ಲಿದೆಯಲ್ಲ’ ಅಂತ ಮೊದಲನೇದಕ್ಕೇ ಕನ್ನಡ ಅಂತಾರೆ. ಲಂಬಾಣಿ ಆಡೋ ಮನೆಯವರೇ, ಮೊದಲನೇದಕ್ಕೆ ಲಂಬಾಣಿ ಅನ್ನಿ, ಎರಡನೇದಕ್ಕೆ ಕನ್ನಡ. ಎರಡೂ ನಿಜ ತಾನೇ?

ಭಾಗ 5ರಲ್ಲಿ ಯಾಡಿ ದನಿಯಲ್ಲೇ ಹತ್ತು ಪದ ಹಾಕ್ತೀನಿ. ಹೆಡ್‌ಫೋನ್ ಇಟ್ಕೊಳ್ಳಿ, ಹಿಂದೆ ಕೋಳಿ ಕೂಗುತ್ತೆ.